ಛಾಯಾಚಿತ್ರ ತಿದ್ದುವ ತಂತ್ರಾಂಶ: ಹೊಸಬರ ಆಯ್ಕೆ ಹೇಗಿರಬೇಕು?

ಮನೆಯ ಗೋಡೆಯ ಮೇಲಿನ ಅಜ್ಜ ಅಜ್ಜಿಯರ ಛಾಯಾಚಿತ್ರಗಳು ಕಾಲ ಸರಿದಂತೆ ಹಳದಿಗಟ್ಟುತ್ತವೆ. ಮುಖದ ಮೇಲೆ ಕಲೆಗಳೇಳುತ್ತವೆ. ಹಿಂದೆ ಇಂಥ ಪಟವನ್ನು ಸರಿಪಡಿಸಬೇಕಾದರೆ ಸ್ಟುಡಿಯೋದ ನುರಿತ ಕೈಯನ್ನೇ ನಂಬಬೇಕಾಗಿತ್ತು. ಆತ ನೆಗೆಟಿವಿನ ಮೇಲೆ ಮೊನಚಾದ ಪೆನ್ಸಿಲನ್ನೂ ಪಟದ ಮೇಲೆ ಸಣ್ಣ ಕುಂಚವನ್ನೂ ಆಡಿಸಿ ಕಲೆಯನ್ನು ಮರೆಮಾಡುತ್ತಿದ್ದನು. ಇಂದು ಆ ಕೆಲಸವನ್ನು ಗಣಕಯಂತ್ರದ ತಂತ್ರಾಂಶದಿಂದ ನಾವೇ ಮಾಡಿಕೊಳ್ಳಬಹುದು. ಆದರೆ ಯಾವುದನ್ನು ಆರಿಸಬೇಕು? ಅದಕ್ಕೆ ಎಷ್ಟು ಹಣ ತೆರಬೇಕು?

ಮೊದಲು ತಂತ್ರಾಂಶವು ಮಾಡುವ ಕೆಲಸವೇನೆಂಬುದನ್ನು ನೋಡೋಣ. ಅಗಲದಲ್ಲಿ 4000, ಎತ್ತರದಲ್ಲಿ 3000 ಬಿಂದುಗಳಿರುವ ಒಂದು ಚಿತ್ರದಲ್ಲಿ ಒಟ್ಟು 1.2 ಕೋಟಿ ಬಿಂದುಗಳಿರುತ್ತವೆ. ಸಾಮಾನ್ಯ ಚಿತ್ರಗಳಲ್ಲಿ ಪ್ರತಿಯೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಿಗಾಗಿ 0ಯಿಂದ 255ರವರೆಗಿನ ಮೂರು ಸಂಖ್ಯೆಗಳನ್ನು ಹೊತ್ತಿರುತ್ತದೆ. ಈ ಮೂರರ ಜೋಡಣೆಯಿಂದ 1,67,77,216 ಬಣ್ಣಗಳು ದೊರೆಯುತ್ತವೆ. ಚಿತ್ರವನ್ನು ಬೆಳಗಿಸುವುದೆಂದರೆ ಈ ಸಂಖ್ಯೆಗಳನ್ನು ಹೆಚ್ಚಿಸುವುದು. ಕಲೆ ತೆಗೆಯುವುದೆಂದರೆ ಪಕ್ಕದ ಬಿಂದುಗಳನ್ನು ನಕಲು ಮಾಡಿ ಅಲ್ಲಿ ಕೂರಿಸುವುದು. ಇದರಲ್ಲಿ ಮಂತ್ರವಿಲ್ಲ, ಲೆಕ್ಕಾಚಾರವಿದೆ. ಈ ಲೆಕ್ಕವನ್ನು ಬೆಲೆಯಿಲ್ಲದ ತಂತ್ರಾಂಶವೂ ಮಾಡಬಲ್ಲುದು.

ಈ ಕ್ಷೇತ್ರದಲ್ಲಿ ಹೆಸರುವಾಸಿಯಾದುದು ಫೋಟೋಶಾಪ್. ನೋಲ್ ಸಹೋದರರು ರೂಪಿಸಿದ ಇದು 1990ರಲ್ಲಿ ಮಾರುಕಟ್ಟೆಗೆ ಬಂದಿತು. 2013ರಿಂದ ಇದರ ಹೊಸ ಆವೃತ್ತಿಗಳು ಚಂದಾ ತೆತ್ತವರಿಗೆ ಮಾತ್ರ ದೊರೆಯುತ್ತವೆ. ವೃತ್ತಿನಿರತರಿಗೆ ಇದು ತಕ್ಕುದೇ ಸರಿ. ವರ್ಷಕ್ಕೆ ಇಪ್ಪತ್ತು ಚಿತ್ರಗಳನ್ನು ತಿದ್ದುವವರಿಗೆ ಮಾತ್ರ ಇದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ.

ಜಿಂಪ್ ಎಂಬುದು ಎಲ್ಲರಿಗೂ ಉಚಿತ. ಬರ್ಕ್ಲಿಯ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಆರಂಭಿಸಿದ ಇದು 1996ರಲ್ಲಿ ಮೊದಲು ಹೊರಬಂದಿತು. ಮೂರನೆಯ ಮುಖ್ಯ ಆವೃತ್ತಿ 2025ರಲ್ಲಿ ಪ್ರಕಟವಾಯಿತು. ಶಕ್ತಿ ಅಪಾರ, ಆದರೆ ಪಟ್ಟಿಗಳು ಹಲವು. ಹೊಸಬರಿಗೆ ಕೆಲವು ದಿನಗಳ ತಾಳ್ಮೆ ಬೇಕು. ಫೋಟೋಪೀ ಎಂಬುದನ್ನು ಸ್ಥಾಪಿಸಿಕೊಳ್ಳುವ ಅಗತ್ಯವೇ ಇಲ್ಲ, ಬ್ರೌಸರಿನಲ್ಲಿಯೇ ತೆರೆಯಬಹುದು. ಜಾಹೀರಾತುಗಳನ್ನು ಸಹಿಸಿಕೊಂಡರೆ ಇದಕ್ಕೂ ಹಣವಿಲ್ಲ. ಫೋನಿನಲ್ಲಿಯೇ ಕೆಲಸ ಮುಗಿಸುವವರಿಗೆ ಸ್ನ್ಯಾಪ್‌ಸೀಡ್ ಸುಲಭವಾದುದು, ಅದೂ ಉಚಿತ.

ಆಯ್ಕೆಗೆ ಮುನ್ನ ಪರೀಕ್ಷಿಸತಕ್ಕ ಅಂಶಗಳು ಕೆಲವೇ. ಅಂಚು ಕತ್ತರಿಸುವುದು, ಓರೆಯನ್ನು ನೇರಗೊಳಿಸುವುದು, ಬೆಳಕು ಬಣ್ಣಗಳನ್ನು ಹೊಂದಿಸುವುದು, ಕಲೆ ಅಳಿಸುವುದು, ತಪ್ಪಿದಾಗ ಹಿಂದಿನ ಹೆಜ್ಜೆಗೆ ಮರಳುವುದು: ಇಷ್ಟು ಸಲೀಸಾಗಿ ಬಂದರೆ ಸಾಕು. ಬೆಲೆಯಿದ್ದಲ್ಲಿ ಅದು ಒಂದೇ ಸಲದ್ದೋ ತಿಂಗಳು ತಿಂಗಳಿನದೋ, ಉಚಿತ ಅವಧಿ ಮುಗಿದೊಡನೆ ತಾನಾಗಿಯೇ ಹಣ ಕಡಿತವಾಗುವುದೋ ಎಂಬುದನ್ನು ಮೊದಲೇ ಓದಿಕೊಳ್ಳಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ನಮ್ಮ ಮಿತ್ರರೊಬ್ಬರು ತಾಯಿಯ ಏಕೈಕ ಪಟವನ್ನು ಸ್ಕ್ಯಾನ್ ಮಾಡಿಸಿದ್ದರು. ಫೋನಿನಲ್ಲಿ ಕಳುಹಿಸಲೆಂದು ಅದನ್ನು ಕಿರಿದುಗೊಳಿಸಿ, ಅದೇ ಹೆಸರಿನಲ್ಲಿಯೇ ಉಳಿಸಿಬಿಟ್ಟರು. ಕಾಗದದ ಪಟವನ್ನು ಆ ವೇಳೆಗೆ ಗೆದ್ದಲು ತಿಂದಿತ್ತು. ಈಗ ಉಳಿದಿರುವುದು ಹೆಬ್ಬೆರಳಿನಷ್ಟು ಚಿತ್ರ. ಕಳೆದುಹೋದ ಬಿಂದುಗಳನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಜೆಪೆಗ್ ವಿಧಾನವಂತೂ ಕಡತವನ್ನು ಹಗುರಗೊಳಿಸಲು ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತದೆ. ತಿದ್ದಿ ತಿದ್ದಿ ಉಳಿಸಿದಷ್ಟೂ ನಷ್ಟ ಕೂಡುತ್ತದೆ. ಆದುದರಿಂದ ಮೂಲವನ್ನು ಬೇರೆಡೆ ಕಾಪಾಡಿ, ನಕಲಿನ ಮೇಲೆಯೇ ಕೈಮಾಡಬೇಕು.

ಇತ್ತೀಚಿನ ಕೆಲವು ತಂತ್ರಾಂಶಗಳು ಅಳಿದುಹೋದ ಭಾಗವನ್ನು ತಾವೇ ಊಹಿಸಿ ತುಂಬುತ್ತವೆ. ಸೋಜಿಗವೇ ಸರಿ! ಆದರೆ ಯಂತ್ರವು ಊಹಿಸಿ ಬರೆದ ಕಣ್ಣು ಅಜ್ಜಿಯ ಕಣ್ಣಲ್ಲ. ಕಲೆ ತೆಗೆಯುವುದು ಬೇರೆ, ಮುಖ ಕಟ್ಟುವುದು ಬೇರೆ.

ವಾಚಕರು ಒಂದೇ ಚಿತ್ರದ ಎರಡು ನಕಲುಗಳನ್ನು ಎರಡು ಉಚಿತ ತಂತ್ರಾಂಶಗಳಲ್ಲಿ ತಿದ್ದಿ ನೋಡಲಿ. ಕೈಗೆ ಒಗ್ಗಿದುದನ್ನು ಒಂದು ತಿಂಗಳು ಬಳಸಲಿ. ಆಗಲೂ ಕೊರತೆಯೊಂದು ಕಂಡರೆ, ಆ ಕೊರತೆಯ ಹೆಸರು ಹೇಳಬಲ್ಲವರಾದರೆ, ಹಣ ಖರ್ಚು ಮಾಡುವುದಕ್ಕೆ ಅದೇ ತಕ್ಕ ಕಾಲ.