ಕಾರಿನ ಇಂಧನವ್ಯಯ ಹಠಾತ್ತನೆ ಏರಿದಾಗ

ವರ್ಷಗಟ್ಟಲೆ ಲೀಟರಿಗೆ 16 ಕಿಲೋಮೀಟರು ಓಡುತ್ತಿದ್ದ ಪೆಟ್ರೋಲ್ ಕಾರು, ಯಾವ ಪೂರ್ವಸೂಚನೆಯೂ ಇಲ್ಲದೆ ಕೆಲವೇ ವಾರಗಳಲ್ಲಿ 12ಕ್ಕೆ ಇಳಿದುಬಿಟ್ಟರೆ, ಅದರ ಒಡೆಯನು ಮೊದಲು ಶಂಕಿಸುವುದು ಬಂಕಿನವರನ್ನು, ಆಮೇಲೆ ಎಂಜಿನ್ನನ್ನು. ಅನೇಕ ವೇಳೆ ಇವೆರಡೂ ನಿರಪರಾಧಿಗಳು. ವಯೋಧರ್ಮದಿಂದ ಎಂಜಿನ್ನು ಸವೆಯುವುದು ಅತಿ ಮಂದಗತಿಯ ವ್ಯಾಪಾರ. ಮೈಲೇಜು ಇದ್ದಕ್ಕಿದ್ದಂತೆ ಕಾಲುಭಾಗ ಕುಸಿಯಿತೆಂದರೆ ಯಾವುದೋ ಒಂದು ನಿರ್ದಿಷ್ಟ ಭಾಗ ಕೆಟ್ಟಿದೆಯೆಂದೂ, ಕ್ರಮವರಿತು ಹುಡುಕಿದರೆ ಅದು ಸಿಕ್ಕೇ ಸಿಗುವುದೆಂದೂ ನಂಬಬಹುದು. ಕ್ರಮ ತಪ್ಪಿದಲ್ಲಿ ಮಾತ್ರ, ಪ್ಲಗ್ಗು, ಫಿಲ್ಟರು, ಇಂಜೆಕ್ಟರುಗಳನ್ನು ಒಂದೊಂದಾಗಿ ಬದಲಾಯಿಸಿ ಹಣವೆಲ್ಲ ಕರಗಿದ ಮೇಲೂ ದೋಷವು ಇದ್ದಲ್ಲಿಯೇ ಇರುತ್ತದೆ.

ಆದುದರಿಂದ ಪ್ರಥಮ ಕಾರ್ಯ ಅಳತೆ. ನಳಿಕೆ ತಾನಾಗಿ ನಿಲ್ಲುವವರೆಗೆ ಟ್ಯಾಂಕು ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಮುನ್ನೂರು ನಾನೂರು ಕಿಲೋಮೀಟರು ಓಡಿಸಿದ ಬಳಿಕ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಹಾಗೆಯೇ ತುಂಬಿಸಿ, ಓಡಿದ ದೂರವನ್ನು ಹಿಡಿದ ಲೀಟರುಗಳಿಂದ ಭಾಗಿಸತಕ್ಕದ್ದು. ಡ್ಯಾಶ್‌ಬೋರ್ಡು ತೋರಿಸುವ ಅಂಕಿ ಕೇವಲ ಅಂದಾಜು. ಪೆಟ್ರೋಲಿಗೆ ಬೆರೆಸುವ, ಇತ್ತೀಚೆಗೆ ಎಲ್ಲರೂ ದೂರುವ ಎಥನಾಲಿನ ಲೆಕ್ಕವನ್ನೂ ಇಲ್ಲಿಯೇ ಮುಗಿಸಿಬಿಡಬಹುದು. ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿ ಅಷ್ಟೇ ಪೆಟ್ರೋಲಿನಲ್ಲಿರುವುದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಅಂದರೆ ಶೇಕಡ 10ರ ಮಿಶ್ರಣದಿಂದ ಶೇಕಡ 20ಕ್ಕೆ ಬಂದಾಗ ಇಂಧನದ ಶಕ್ತಿಯಲ್ಲಿ ಆಗುವ ನಷ್ಟ ಶೇಕಡ ಮೂರೂವರೆಯ ಆಸುಪಾಸು. ಕಾಲುಭಾಗದ ಕುಸಿತಕ್ಕೆ ಅದೊಂದೇ ಕಾರಣವಾಗಲಾರದು.

ಅಳತೆಯು ಸಂದೇಹವನ್ನು ದೃಢಪಡಿಸಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಕಾರನ್ನು ಮುಂದೆ ತಳ್ಳುವುದೇ ಕಷ್ಟವಾಗಿದೆಯೋ, ಅಥವಾ ಎಂಜಿನ್ನು ಅಷ್ಟೇ ಕೆಲಸಕ್ಕೆ ಹೆಚ್ಚು ಪೆಟ್ರೋಲು ಸುಡುತ್ತಿದೆಯೋ?

ಮೊದಲನೆಯದಾದರೆ ದೋಷ ಚಕ್ರಗಳ ಬಳಿ ಇರುತ್ತದೆ. ಟೈರು ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ ಗಾಳಿಯನ್ನು ಪರೀಕ್ಷಿಸಿ, ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಗೆ ಸರಿಪಡಿಸುವುದು ಎಲ್ಲರಿಗೂ ತಿಳಿದ ವಿಷಯ. ಅಷ್ಟಾಗಿ ಯಾರೂ ಗಮನಿಸದಿರುವುದು, ಕಾಲು ತೆಗೆದ ಮೇಲೂ ಬಿಡದೆ ಹಿಡಿದುಕೊಂಡಿರುವ ಬ್ರೇಕನ್ನು. ಡಿಸ್ಕ್ ಬ್ರೇಕಿನ ಕ್ಯಾಲಿಪರು ಸಾಮಾನ್ಯವಾಗಿ ಎರಡು ನುಣುಪಾದ ಪಿನ್ನುಗಳ ಮೇಲೆ ಹಿಂದುಮುಂದಾಗಿ ಸರಿಯುತ್ತಿರಬೇಕು. ಆ ಪಿನ್ನುಗಳನ್ನು ಕಾಯುವ ರಬ್ಬರಿನ ಹೊದಿಕೆ ಹರಿದು, ಮಳೆಗಾಲದ ಕೆಸರುನೀರು ಒಳಹೊಕ್ಕು, ಗ್ರೀಸು ಒಣಗಿ ತುಕ್ಕು ಕಟ್ಟಿದಾಗ, ಕ್ಯಾಲಿಪರು ಸಿಕ್ಕಿಕೊಂಡು ಪ್ಯಾಡು ಡಿಸ್ಕನ್ನು ಸದಾ ಉಜ್ಜುತ್ತಿರುತ್ತದೆ. ಇದನ್ನು ಪತ್ತೆಹಚ್ಚಲು ಯಂತ್ರವೇನೂ ಬೇಡ. ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಹತ್ತು ಹದಿನೈದು ಕಿಲೋಮೀಟರು ಓಡಿಸಿ ನಿಲ್ಲಿಸಿ, ಅಂಗೈಯನ್ನು ಪ್ರತಿಯೊಂದು ಚಕ್ರದ ಹತ್ತಿರಕ್ಕೆ, ಮುಟ್ಟದಂತೆ, ಒಯ್ದರಾಯಿತು: ಮುಂದಿನ ಎರಡು ಚಕ್ರಗಳಲ್ಲಿ ಒಂದು ಮಾತ್ರ ಕಾವು ಕಾರುತ್ತಿದ್ದರೆ ಅಪರಾಧಿ ಅದೇ. ಪಿನ್ನುಗಳನ್ನು ಬಿಚ್ಚಿ ತಿಕ್ಕಿ, ಬ್ರೇಕಿಗೆಂದೇ ಬರುವ ಗ್ರೀಸು ಸವರಿ, ಹೊಸ ಹೊದಿಕೆ ಹಾಕಿಸಿದರೆ ಬಹುಮಟ್ಟಿಗೆ ಸರಿಹೋಗುವ ಈ ದೋಷವನ್ನು ಉಪೇಕ್ಷಿಸುವುದು ಕೇವಲ ಪೆಟ್ರೋಲಿನ ನಷ್ಟವಲ್ಲ. ಬ್ರೇಕಿನ ದ್ರವ ಕುದಿದು, ಘಟ್ಟದ ಇಳಿಜಾರಿನಲ್ಲಿ ಪೆಡಲೇ ಸಡಿಲವಾಗಿ ಕೈಕೊಟ್ಟೀತು.

ಎರಡನೆಯ ಪಕ್ಷದಲ್ಲಿ, ಎಂಜಿನ್ನೇ ಹೆಚ್ಚು ಸುಡುತ್ತಿರುವಾಗ, ತಪ್ಪು ಬಹುತೇಕ ಎಂಜಿನ್ನಿನದಲ್ಲ, ಅದಕ್ಕೆ ತಲುಪುತ್ತಿರುವ ಸುದ್ದಿಯದು. ಒಂದು ತೂಕ ಪೆಟ್ರೋಲಿಗೆ ಸುಮಾರು 14.7 ತೂಕ ಗಾಳಿ ಎಂಬ ಪ್ರಮಾಣದಲ್ಲಿ ದಹನ ನಡೆಯುವಂತೆ ಇಸಿಯು ಎಂಬ ಗಣಕಪೆಟ್ಟಿಗೆ ಅನೇಕ ಸೆನ್ಸರುಗಳ ವರದಿಯನ್ನು ನೋಡಿ ಇಂಧನವನ್ನು ಅಳೆದು ಕೊಡುತ್ತದೆ. ಎಂಜಿನ್ನು ತಣ್ಣಗಿದ್ದಾಗ ಪೆಟ್ರೋಲು ಚೆನ್ನಾಗಿ ಆವಿಯಾಗದ ಕಾರಣ ಅದು ಪ್ರಮಾಣವನ್ನು ಮೀರಿ ಕೊಡುವುದು ಯುಕ್ತವೇ. ಆದರೆ ಕೂಲೆಂಟಿನ ಉಷ್ಣತೆಯನ್ನು ತಿಳಿಸುವ ಪುಟ್ಟ ಸೆನ್ಸರು ಕೆಟ್ಟು ಸದಾ ‘ತಣ್ಣಗಿದೆ’ ಎಂದೇ ವರದಿ ಮಾಡುತ್ತಿದ್ದರೆ, ಬೇಸಗೆಯ ನಡುಹಗಲಿನಲ್ಲಿ ಕಂಬಳಿ ಹೊದ್ದವನಂತೆ ಆ ಪೆಟ್ಟಿಗೆಯು ದಿನವಿಡೀ ಹೆಚ್ಚಿನ ಪೆಟ್ರೋಲನ್ನು ಸುರಿಯುತ್ತಲೇ ಇರುತ್ತದೆ. ಸೆನ್ಸರು ಸತ್ಯವನ್ನೇ ಹೇಳುತ್ತಿದ್ದು, ಎಂಜಿನ್ನು ಬಿಸಿಯಾಗುವವರೆಗೆ ಕೂಲೆಂಟನ್ನು ತಡೆದಿಡಬೇಕಾದ ಕವಾಟವಾದ ಥರ್ಮೋಸ್ಟಾಟು ತೆರೆದೇ ಸಿಕ್ಕಿಕೊಂಡಿದ್ದರೂ ಫಲ ಅದೇ. ರೇಡಿಯೇಟರಿಗೆ ಅಕಾಲದಲ್ಲಿ ಹರಿದುಹೋಗುವ ನೀರಿನಿಂದಾಗಿ ಎಂಜಿನ್ನು ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ‘ನಮ್ಮದು ಸೆಕೆಯ ಊರು, ಇದೇಕೆ ಬೇಕು’ ಎಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಮೆಕ್ಯಾನಿಕ್ಕರು ಇಂದಿಗೂ ಇದ್ದಾರೆ. ಒಡೆಯನ ಜೇಬಿಗೂ ಎಂಜಿನ್ನಿಗೂ ಏಕಕಾಲದಲ್ಲಿ ಮಾಡುವ ಅನ್ಯಾಯವಿದು.

ಸೆನ್ಸರಿನ ದೋಷವನ್ನೂ ಥರ್ಮೋಸ್ಟಾಟಿನ ದೋಷವನ್ನೂ ಬೇರ್ಪಡಿಸಿ ಗುರುತಿಸುವುದು ಸುಲಭ. ಸ್ಟಿಯರಿಂಗಿನ ಕೆಳಗಿರುವ ಓಬಿಡಿ ಸಾಕೆಟ್ಟಿಗೆ, ಅಂದರೆ ಇಸಿಯುವಿನ ಅಂಕಿಗಳನ್ನು ಓದಲೆಂದಿರುವ ಕಿಂಡಿಗೆ, ಸ್ಕ್ಯಾನರನ್ನು ಜೋಡಿಸಿ, ರಾತ್ರಿಯಿಡೀ ನಿಂತಿದ್ದ ಕಾರಿನ ಇಗ್ನಿಷನನ್ನು ಬೆಳಗ್ಗೆ ಎಂಜಿನ್ನು ಚಾಲೂ ಮಾಡದೆಯೇ ತಿರುಗಿಸಿದರೆ, ಕೂಲೆಂಟಿನ ಉಷ್ಣತೆಯೂ ಒಳಬರುವ ಗಾಳಿಯ ಉಷ್ಣತೆಯೂ ಹೆಚ್ಚುಕಡಿಮೆ ಸಮನಾಗಿರಬೇಕು. ಗಾಳಿ 24 ಡಿಗ್ರಿ ಎಂದಿರುವಾಗ ಕೂಲೆಂಟು ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ತೋರಿದರೆ ಸೆನ್ಸರೋ ಅದರ ತಂತಿಯೋ ಕಡಿದಿದೆ. ಮುಂಜಾವದ ಅಂಕಿ ಸರಿಯಾಗಿದ್ದು, ಅರ್ಧ ಗಂಟೆ ಓಡಿದ ಮೇಲೂ 90ರ ಸಮೀಪಕ್ಕೆ ಹೋಗದೆ 60ರಲ್ಲೇ ತೂಗಾಡುತ್ತಿದ್ದರೆ ಥರ್ಮೋಸ್ಟಾಟನ್ನು ಬದಲಿಸಬೇಕು. ಇವೂ ಸರಿಯಿದ್ದರೆ ಸರದಿ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಇಸಿಯುವಿಗೆ ತಿಳಿಸುವ ಆಕ್ಸಿಜನ್ ಸೆನ್ಸರಿನದು. ಅದು ಮುಪ್ಪಾಗಿ ಮಂದವಾಗುವುದುಂಟು. ಆದರೆ ಅದಕ್ಕಿಂತ ಮುಂಚೆ ಹೊಗೆಕೊಳವೆ ಸೀಳಿ, ಹೊರಗಿನ ಗಾಳಿ ಒಳಸೇರಿ, ಸೆನ್ಸರನ್ನು ವಂಚಿಸುತ್ತಿಲ್ಲವೆಂದು ಖಚಿತಪಡಿಸಿಕೊಳ್ಳದೆ ಬೆಲೆಬಾಳುವ ಆ ಭಾಗವನ್ನು ಕೊಳ್ಳಬಾರದು. ಏರ್ ಫಿಲ್ಟರಿನ ಮೇಲೆ ಹೊರಿಸುವ ದೋಷವಂತೂ ಕಾರ್ಬುರೇಟರಿನ ಕಾಲದ್ದು. ಒಳಬರುವ ಗಾಳಿಗೆ ತಕ್ಕಷ್ಟೇ ಇಂಧನ ಕೊಡುವ ಇಂದಿನ ಎಂಜಿನ್ನುಗಳಲ್ಲಿ ಕೊಳೆಯಾದ ಫಿಲ್ಟರು ಕಾರಿನ ಕಸುವನ್ನು ತಗ್ಗಿಸೀತೇ ಹೊರತು ಮೈಲೇಜನ್ನು ಅಷ್ಟಾಗಿ ಕೆಡಿಸದು.

ಬಾನೆಟ್ಟಿನ ಬಳಿ ಪೆಟ್ರೋಲಿನ ವಾಸನೆ ಬಂದರೆ ಮಾತ್ರ ಈ ಯಾವ ಪರೀಕ್ಷೆಗೂ ಕಾಯದೆ ಕಾರನ್ನು ನಿಲ್ಲಿಸಿಬಿಡಬೇಕು. ಅಲ್ಲಿ ಬೆಂಕಿಯ ಭಯವಿದೆ. ಉಳಿದ ಸಂದರ್ಭಗಳಲ್ಲಿಯೂ ರಿಪೇರಿಯನ್ನು ತಿಂಗಳುಗಟ್ಟಲೆ ಮುಂದೂಡುವಂತಿಲ್ಲ. ಸುಡದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯುದ್ದಕ್ಕೂ ಇಳಿದು ಎಂಜಿನ್ ಆಯಿಲನ್ನು ತೆಳುವಾಗಿಸುತ್ತದೆ. ಆದ್ದರಿಂದ ದೋಷ ಪರಿಹಾರವಾದೊಡನೆ, ಡಿಪ್‌ಸ್ಟಿಕ್ಕನ್ನು ಎತ್ತಿ ಮೂಸಿ, ಪೆಟ್ರೋಲಿನ ವಾಸನೆಯಿದ್ದರೆ ಆಯಿಲನ್ನೂ ಬದಲಾಯಿಸಿ, ಆಮೇಲೆಯೇ ಟ್ಯಾಂಕು ತುಂಬಿಸಿ ಹೊಸದಾಗಿ ಅಳತೆ ಹಿಡಿಯಬೇಕು.