ನಿಮಗಿದು ಗೊತ್ತೆ? ನೆಲದಡಿಯ ಅರಮನೆಗೆ ವಿಆರ್ ಬೆಳಕು
ರೋಮ್‌ನ ಕೊಲೊಸಿಯಂ ಪಕ್ಕದಲ್ಲೇ ನೆಲದಡಿ ಒಂದು ಅರಮನೆ ಇದೆ. ಕ್ರಿ.ಶ. 64ರ ಬೆಂಕಿ ಅನಾಹುತದ ಬಳಿಕ ನೀರೋ ಚಕ್ರವರ್ತಿ ಕಟ್ಟಿಸಿದ ‘ಡೋಮುಸ್ ಔರೆಯಾ’ ಅದು. ಮುಂದೆ ಟ್ರೇಜನ್ ದೊರೆ ಅದರ ಕೋಣೆಗಳಿಗೆ ಮಣ್ಣು ತುಂಬಿಸಿ, ಮೇಲೆ ಸ್ನಾನಗೃಹ ಎಬ್ಬಿಸಿದ. ಈಗ ಇಳಿದು ನೋಡಿದರೆ ತೇವ, ಕತ್ತಲು, ಬೋಳು ಇಟ್ಟಿಗೆ ಗೋಡೆ.

2017ರಿಂದ ಅಲ್ಲಿನ ಒಂದು ಕೋಣೆಯಲ್ಲಿ ಪ್ರವಾಸಿಗರಿಗೆ ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕ ಕೊಡುತ್ತಾರೆ. ಹಾಕಿಕೊಂಡು ಕುಳಿತರೆ ಎದುರಿನ ಗೋಡೆ ಮಾಯವಾಗಿ ಕಂಬಸಾಲು, ಅದರಾಚೆ ತೋಟ. ತಲೆಯೆತ್ತಿದರೆ ಚಿನ್ನದ ಲೇಪದ ಚಾವಣಿ. ಗುಹೆಯಂತಿರುವ ಈ ಕೋಣೆ ಒಮ್ಮೆ ಬಿಸಿಲಿಗೆ ಬಾಗಿಲು ತೆರೆದಿತ್ತು ಎಂಬುದು ಎಷ್ಟು ಫಲಕ ಓದಿದರೂ ಇಷ್ಟು ಬೇಗ ತಲೆಗೆ ಹೋಗದು. ಹೋಗುವವರು ಸ್ವೆಟರ್ ಮರೆಯಬೇಡಿ, ಒಳಗೆ ಬೇಸಿಗೆಯಲ್ಲೂ ಚಳಿ!