ಕಾಯುವವರಿಗೆ ಕಲಿಸುವ ಊರು ನಾಗಪುರ

ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ನಾಗರಿಕ ರಕ್ಷಣಾ ಸ್ವಯಂಸೇವಕರು, ವಿಪತ್ತು ಸ್ಪಂದನಾ ಪಡೆಯ ಜವಾನರು ಎಲ್ಲರಿಗೂ ತರಬೇತಿ ಕೊಡುವ ಸಂಸ್ಥೆಗಳು ಒಂದೇ ಊರಿನಲ್ಲಿ ಸಿಗುವುದು ಅಪರೂಪ. ಮಹಾರಾಷ್ಟ್ರದ ನಾಗಪುರ ಅಂಥ ಊರು. ದೇಶದ ಭೌಗೋಳಿಕ ನಡುಬಿಂದುವಿಗೆ ಹತ್ತಿರವಿದ್ದು, ಉತ್ತರ–ದಕ್ಷಿಣ ಮತ್ತು ಪೂರ್ವ–ಪಶ್ಚಿಮದ ರೈಲು ಮಾರ್ಗಗಳು ಕೂಡುವ ಈ ನಗರಕ್ಕೆ ಯಾವ ರಾಜ್ಯದಿಂದಲೂ ಬಂದು ಹೋಗುವುದು ಸುಲಭ.

ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು 1956ರಲ್ಲಿ ಉತ್ತರ ಪ್ರದೇಶದ ರಾಂಪುರದಲ್ಲಿ ಶುರುವಾಗಿ ಮರುವರ್ಷವೇ ನಾಗಪುರಕ್ಕೆ ಬಂತು. ರಾಜ್ಯಗಳ ಅಗ್ನಿಶಾಮಕ ಇಲಾಖೆಗಳ ಅಧಿಕಾರಿಗಳು ಮೇಲ್ಮಟ್ಟದ ತರಬೇತಿಗೆ ಬರುವುದು ಇಲ್ಲಿಗೆ. ಅಗ್ನಿಶಾಮಕ ಎಂಜಿನಿಯರಿಂಗ್‌ನಲ್ಲಿ ಪದವಿ ಶಿಕ್ಷಣವೂ ಇಲ್ಲಿದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರು ಅಕಾಡೆಮಿಯಂಥ ರಾಜ್ಯಮಟ್ಟದ ಕೇಂದ್ರಗಳು ತಮ್ಮ ಸಿಬ್ಬಂದಿಗೆ ಕಲಿಸುತ್ತವೆ. ನಾಗಪುರದ ಕಾಲೇಜು ಇಡೀ ದೇಶಕ್ಕಾಗಿ ಇರುವಂಥದ್ದು.

ಎರಡನೆಯ ಸಂಸ್ಥೆಯ ಕಥೆ ಇನ್ನೂ ಸ್ವಾರಸ್ಯಕರ. 1957ರ ಏಪ್ರಿಲ್ 29ರಂದು ಕೇಂದ್ರ ತುರ್ತು ಪರಿಹಾರ ತರಬೇತಿ ಸಂಸ್ಥೆ ಎಂಬ ಹೆಸರಿನಲ್ಲಿ ಅದು ಹುಟ್ಟಿತು. ನೆರೆ, ಬರ, ಚಂಡಮಾರುತಗಳನ್ನು ಎದುರಿಸಬೇಕಾದ ಕಂದಾಯ ಅಧಿಕಾರಿಗಳನ್ನು ಸಜ್ಜುಗೊಳಿಸುವುದು ಮೊದಲ ಉದ್ದೇಶವಾಗಿತ್ತು. 1962ರ ಚೀನಾ ಯುದ್ಧದ ನಂತರ ಪಾಠದ ದಿಕ್ಕೇ ಬದಲಾಯಿತು. ವಾಯುದಾಳಿಯ ಎಚ್ಚರಿಕೆ, ದೀಪ ಆರಿಸುವ ಕ್ರಮ, ಸಿಡಿಯದೆ ಉಳಿದ ಬಾಂಬು ಗುರುತಿಸುವುದು, ಕುಸಿದ ಮನೆಯಿಂದ ಜನರನ್ನು ಹೊರತೆಗೆಯುವುದು ಪಾಠಗಳಾದವು. ನಾಗರಿಕ ರಕ್ಷಣಾ ಕಾಯ್ದೆ ಬಂದ 1968ರಲ್ಲೇ, ಏಪ್ರಿಲ್ 1ರಿಂದ, ಸಂಸ್ಥೆ ರಾಷ್ಟ್ರೀಯ ನಾಗರಿಕ ರಕ್ಷಣಾ ಕಾಲೇಜಾಯಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ (ಎನ್‌ಡಿಆರ್‌ಎಫ್) ಹುಟ್ಟಿದ ಮೇಲೆ ಆ ಪಡೆಗೊಂದು ಸ್ವಂತ ಅಕಾಡೆಮಿ ಬೇಕಾಯಿತು. 2018ರಲ್ಲಿ ಹಳೆಯ ಕಾಲೇಜನ್ನು ಆ ಅಕಾಡೆಮಿಯೊಂದಿಗೆ ಸೇರಿಸಲಾಯಿತು. ಪರಿಹಾರದಿಂದ ಹೊರಟು, ಯುದ್ಧದ ಹಾದಿ ಹಿಡಿದು, ಅರವತ್ತು ವರ್ಷದ ನಂತರ ಸಂಸ್ಥೆ ಮತ್ತೆ ಪರಿಹಾರಕ್ಕೇ ಮರಳಿದೆ.

ಕುಸಿದ ಕಟ್ಟಡದಲ್ಲಿ ಹುಡುಕುವ ತರಬೇತಿಯನ್ನು ಹತ್ತಿರದಿಂದ ನೋಡಿದರೆ ಈ ವಿದ್ಯೆಯ ಸ್ವಭಾವ ತಿಳಿಯುತ್ತದೆ. ಅವಶೇಷದ ಸುತ್ತ ರಕ್ಷಕರು ಅಂತರ ಬಿಟ್ಟು ನಿಲ್ಲುತ್ತಾರೆ. ಯಂತ್ರಗಳನ್ನೆಲ್ಲ ನಿಲ್ಲಿಸಿ, ಮಾತು ನಿಲ್ಲಿಸಿ, ಒಬ್ಬೊಬ್ಬರಾಗಿ ಕೂಗಿ ಕರೆದು ಕಿವಿಗೊಡುತ್ತಾರೆ. ಒಳಗಿನಿಂದ ನರಳಿಕೆಯೋ ಗೋಡೆ ಬಡಿದ ಸದ್ದೋ ಬಂದರೆ, ಅದು ಯಾರ್‍ಯಾರಿಗೆ ಯಾವ ದಿಕ್ಕಿನಿಂದ ಕೇಳಿಸಿತೆಂದು ಹೊಂದಿಸಿ ಜಾಗ ಗುರುತಿಸುತ್ತಾರೆ. ಬಿದ್ದ ಚಪ್ಪಡಿಯನ್ನು ಜಾಕಿಯಿಂದ ಒಮ್ಮೆಗೇ ಎತ್ತುವಂತಿಲ್ಲ. ಒಂದು ಅಂಗುಲ ಎತ್ತಿದರೆ ಒಂದು ಅಂಗುಲದಷ್ಟು ಮರದ ತುಂಡನ್ನು ಕೆಳಗೆ ಕೊಡಬೇಕು. ಜಾಕಿ ಜಾರಿದರೂ ಭಾರ ಕೆಳಗಿರುವವರ ಮೇಲೆ ಬೀಳಬಾರದು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಸತ್ತಾಗ, ದಿನಗಳು ಕಳೆದ ಮೇಲೂ ಅವಶೇಷದಡಿಯಿಂದ ಜನರನ್ನು ಜೀವಂತವಾಗಿ ಹೊರತೆಗೆದರು. ಅಂಥ ಕಡೆ ಆತುರವೇ ಕೊಲ್ಲುತ್ತದೆ.

ಇಂಥ ತಾಳ್ಮೆಯ ಪಾಠ ಲಾಠಿ ಹಿಡಿದ ಪೊಲೀಸರಿಗೂ ಅಷ್ಟೇ ಅಗತ್ಯ. ಅದಕ್ಕೆ ನಾಗಪುರದಲ್ಲೇ ಘೋರವಾದ ಸಾಕ್ಷ್ಯವಿದೆ. 1953ರ ನಾಗಪುರ ಒಪ್ಪಂದದ ಪ್ರಕಾರ ಮಹಾರಾಷ್ಟ್ರ ವಿಧಾನಮಂಡಲದ ಒಂದು ಅಧಿವೇಶನ ಪ್ರತಿವರ್ಷ ಇಲ್ಲಿ ನಡೆಯುತ್ತದೆ. ಆ ದಿನಗಳಲ್ಲಿ ರಾಜ್ಯದ ಮೂಲೆಮೂಲೆಯಿಂದ ಮೋರ್ಚಾಗಳು ಬರುತ್ತವೆ. ನಮ್ಮ ಬೆಳಗಾವಿಯ ಸುವರ್ಣಸೌಧದ ಎದುರು ಚಳಿಗಾಲದಲ್ಲಿ ಕಾಣುವಂಥದ್ದೇ ದೃಶ್ಯ. 1994ರ ನವೆಂಬರ್ 23ರಂದು ಗೋವಾರಿ ಸಮುದಾಯದ ಸಾವಿರಾರು ಜನ ಪರಿಶಿಷ್ಟ ಪಂಗಡದ ಸ್ಥಾನಮಾನ ಕೇಳಿ ವಿಧಾನಭವನದತ್ತ ನಡೆದರು. ದನಗಾಹಿ ಕಸುಬಿನ ಬಡವರು. ಹೆಂಗಸರು ಮಕ್ಕಳೂ ಜೊತೆಗಿದ್ದರು. ಪೊಲೀಸರು ತಡೆದರು, ಲಾಠಿ ಬೀಸಿದರು, ಜನ ದಿಕ್ಕೆಟ್ಟು ನುಗ್ಗಿದರು. ಕಾಲ್ತುಳಿತದಲ್ಲಿ 114 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಝೀರೋ ಮೈಲ್ ಬಳಿ ಅವರ ಸ್ಮಾರಕವಿದೆ.

ಗುಂಪಿನಲ್ಲಿ ಜನ ಸಾಯುವ ಬಗೆಯನ್ನು ಪ್ರತಿಯೊಬ್ಬ ಪೇದೆಯೂ ತಿಳಿದಿರಬೇಕು. ಹೆಚ್ಚಿನ ಸಾವು ಕಾಲಡಿ ಸಿಕ್ಕು ಆಗುವುದಲ್ಲ, ನಿಂತಲ್ಲೇ ಆಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಐದು ಜನ ಸೇರಿದರೆ ಅಪಾಯ ಶುರು. ಆರೇಳು ಜನವಾದರೆ ಯಾರೂ ತಮ್ಮ ಇಚ್ಛೆಯಂತೆ ಹೆಜ್ಜೆ ಇಡಲಾರರು; ಇಡೀ ಗುಂಪು ನೀರಿನಂತೆ ಅಲೆಯಲ್ಲಿ ತೂಗತೊಡಗುತ್ತದೆ. ಎದೆ ಅಗಲಿಸಿ ಉಸಿರು ಎಳೆದುಕೊಳ್ಳಲು ಜಾಗವಿಲ್ಲದೆ ಜನ ಉಸಿರುಕಟ್ಟಿ ಸಾಯುತ್ತಾರೆ. ಮುಂದೆ ಏನಾಗುತ್ತಿದೆಯೆಂದು ಹಿಂದಿನವರಿಗೆ ತಿಳಿಯುವುದಿಲ್ಲ, ಅವರು ತಳ್ಳುತ್ತಲೇ ಇರುತ್ತಾರೆ. ಈ ಹೊತ್ತಿನಲ್ಲಿ ಲಾಠಿ ಬೀಸಿದರೆ ಒತ್ತಡ ಹೆಚ್ಚೀತೇ ಹೊರತು ತಗ್ಗದು. ಹೊರದಾರಿ ತೆರೆಯಬೇಕು, ಬ್ಯಾರಿಕೇಡ್ ಸರಿಸಬೇಕು, ಹಿಂದಿನಿಂದ ಬರುವವರನ್ನು ದೂರದಲ್ಲೇ ತಡೆಯಬೇಕು, ಧ್ವನಿವರ್ಧಕದಲ್ಲಿ ಸ್ಪಷ್ಟವಾಗಿ ಹೇಳಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಜನಸಂದಣಿ ನಿರ್ವಹಣೆಯ ಕುರಿತು 2014ರಲ್ಲೇ ಒಂದು ಮಾರ್ಗದರ್ಶಿ ಹೊರತಂದಿದೆ. ಆದರೂ 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತರು. ಕ್ರಿಕೆಟ್ ತಂಡ ಕಪ್ ಗೆದ್ದ ಸಂಭ್ರಮಕ್ಕೆ ಬಂದವರು ಅವರು. ಪುಸ್ತಕದಲ್ಲಿರುವುದು ಗೇಟಿನ ಬಳಿಗೆ ತಲುಪಬೇಕಾದರೆ ಬಂದೋಬಸ್ತಿನ ಯೋಜನೆ ಹಾಕಲು ಸಮಯವೂ, ಕಾರ್ಯಕ್ರಮಕ್ಕೆ ಆಗದು ಎನ್ನುವ ಅಧಿಕಾರವೂ ಪೊಲೀಸರಿಗೆ ಇರಲೇಬೇಕು.

ಕಾನೂನಿನ ಪಾಠವೂ ಇದರ ಭಾಗವೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮು ಕಾನೂನುಬಾಹಿರ ಗುಂಪನ್ನು ಚದುರಿಸುವ ಕ್ರಮ ಹೇಳುತ್ತದೆ. ಮೊದಲು ಚದುರುವಂತೆ ಆಜ್ಞೆ ಕೊಡಬೇಕು. ಜನ ಕೇಳದಿದ್ದರೆ ಮಾತ್ರ ಬಲಪ್ರಯೋಗ. ಆಜ್ಞೆ ಜನರ ಕಿವಿಗೆ ಬೀಳಬೇಕು, ಚದುರಲು ದಾರಿಯಿರಬೇಕು ಎಂಬ ಎರಡನ್ನು ಕವಾಯತು ಮೈದಾನದಲ್ಲೇ ಅಭ್ಯಾಸ ಮಾಡಿಸದಿದ್ದರೆ ಬೀದಿಯಲ್ಲಿ ನೆನಪಾಗುವುದಿಲ್ಲ. ನಾಗಪುರ ಪೊಲೀಸರಿಗೆ ಇದರ ದೊಡ್ಡ ಪರೀಕ್ಷೆ ಪ್ರತಿವರ್ಷ ವಿಜಯದಶಮಿಗೆ ಬರುತ್ತದೆ. ಡಾ. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ಬೌದ್ಧ ಧಮ್ಮ ಸ್ವೀಕರಿಸಿದ ದೀಕ್ಷಾಭೂಮಿಗೆ ಆಗ ಲಕ್ಷಾಂತರ ಜನ ಬರುತ್ತಾರೆ; ಕರ್ನಾಟಕದಿಂದಲೂ ಹೋಗುವವರಿದ್ದಾರೆ.

ಜನಸಂದಣಿ ನಿಭಾಯಿಸುವ ಪಾಠಕ್ಕಿಂತ ತೀರಾ ಭಿನ್ನವಾದ ತರಬೇತಿ ನಗರದ ಹೊರವಲಯದ ಸುರಾಬರ್ಡಿಯಲ್ಲಿ ನಡೆಯುತ್ತದೆ. ನಕ್ಸಲರ ವಿರುದ್ಧದ ಕಾರ್ಯಾಚರಣೆಗೆ ಮಹಾರಾಷ್ಟ್ರ ಪೊಲೀಸರನ್ನು ತಯಾರು ಮಾಡುವ ಕೇಂದ್ರ ಅದು. ಗಡ್ಚಿರೋಲಿಯಲ್ಲಿ 1990ರಲ್ಲಿ ಅರವತ್ತು ಕಮಾಂಡೊಗಳಿಂದ ಆರಂಭವಾದ ಸಿ–60 ಪಡೆ ಈ ಭಾಗದಲ್ಲಿ ಮನೆಮಾತು. ಕಾಡಿನಲ್ಲಿ ಹೊಂಚು ತಪ್ಪಿಸಿಕೊಳ್ಳುವ, ನೆಲಬಾಂಬು ಗುರುತಿಸುವ ಶಿಕ್ಷಣ ಆ ಸಿಬ್ಬಂದಿಯ ಪ್ರಾಣ ಉಳಿಸುತ್ತದೆ, ಅದರ ಬೆಲೆ ದೊಡ್ಡದು. ಆದರೆ ಜಾತ್ರೆ, ಮೆರವಣಿಗೆ, ಪಂದ್ಯಗಳ ಬಂದೋಬಸ್ತಿಗೆ ನಿಲ್ಲುವ ಸಾಮಾನ್ಯ ಕಾನ್‌ಸ್ಟೆಬಲ್‌ನ ಕಲಿಕೆಗೂ ಅಷ್ಟೇ ಗಂಭೀರ ಗಮನ ಸಲ್ಲಬೇಕು. ಜನರ ನಿತ್ಯದ ಸುರಕ್ಷತೆ ಇರುವುದು ಆ ಕಾನ್‌ಸ್ಟೆಬಲ್ ಕೈಯಲ್ಲಿ.

ಹೊಸ ನಾಗರಿಕ ಸುರಕ್ಷಾ ಸಂಹಿತೆ ಇನ್ನೊಂದು ಬೇಡಿಕೆಯನ್ನೂ ತಂದಿದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ನಾಗಪುರ ಕ್ಯಾಂಪಸ್‌ಗೆ 2025ರ ಮೇ ತಿಂಗಳಲ್ಲಿ ಚಾಲನೆ ಸಿಕ್ಕಿತು. ಪೊಲೀಸ್ ಕೆಲಸಕ್ಕೆ ಕೃತಕ ಬುದ್ಧಿಮತ್ತೆ ಬಳಸಲು ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಕಟ್ಟಿದ ಮಾರ್ವೆಲ್ ಕಂಪನಿಯೂ ಇಲ್ಲಿಯದೇ. ಐಐಎಂ ನಾಗಪುರ ಅದರಲ್ಲಿ ಪಾಲುದಾರ.

ಇಷ್ಟೆಲ್ಲ ಸಂಸ್ಥೆಗಳಿದ್ದರೂ ದುಡ್ಡಿನ ಲೆಕ್ಕ ಸಮಾಧಾನ ತರುವುದಿಲ್ಲ. ದೇಶದ ಪೊಲೀಸ್ ವೆಚ್ಚದಲ್ಲಿ ತರಬೇತಿಗೆ ಸಿಗುವ ಪಾಲು ಸರಾಸರಿ ಶೇ 2ನ್ನೂ ಮುಟ್ಟುವುದಿಲ್ಲ. ಹಾಗಾಗಿಯೇ ನಾಗಪುರದ ಕಾಲೇಜುಗಳಲ್ಲಿ ತರಬೇತುದಾರರನ್ನೇ ತಯಾರು ಮಾಡುವ ಕೋರ್ಸುಗಳಿಗೆ ಮಹತ್ವ: ಇಲ್ಲಿ ಕಲಿತವರು ತಮ್ಮ ರಾಜ್ಯಕ್ಕೆ ಮರಳಿ ಹತ್ತಾರು ತಂಡಗಳಿಗೆ ಕಲಿಸಬಲ್ಲರು. 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರನ್ನು ಸಜ್ಜುಗೊಳಿಸುವ ಆಪದ ಮಿತ್ರ ಯೋಜನೆಯಂಥವು ನಡೆಯಬೇಕಾದರೂ ನುರಿತ ತರಬೇತುದಾರರು ಬೇಕು. 2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಗೆ ಸೂಚನೆ ಬಂದಾಗ ಕರ್ನಾಟಕದ ಪಟ್ಟಿಯಲ್ಲಿ ಬೆಂಗಳೂರು, ಕಾರವಾರ, ರಾಯಚೂರುಗಳಿದ್ದವು. ಸೈರನ್ ಮೊಳಗಿದಾಗ ಎಲ್ಲಿಗೆ ಹೋಗಬೇಕು, ಗಾಯಾಳುಗಳನ್ನು ಸ್ಟ್ರೆಚರ್‌ಗೆ ಹೇಗೆ ಕಟ್ಟಬೇಕು, ಮಹಡಿಯಿಂದ ಹಗ್ಗದಲ್ಲಿ ಹೇಗೆ ಇಳಿಸಬೇಕು ಎಂದು ಅಲ್ಲಿ ಮಾಡಿ ತೋರಿಸಿದ ಅಭ್ಯಾಸಗಳು 1960ರ ದಶಕದಿಂದ ನಾಗಪುರದ ಪಠ್ಯದಲ್ಲಿ ಇದ್ದಂಥವೇ.